ಕೆಳಕೋಣೆಗೆ ಹಗ್ಗ

ಜನವರಿ 7, ಮಂಗಳವಾರ

ಮಧ್ಯಾಹ್ನ ಕೊಯಮತ್ತೂರಿನಿಂದ ಮನೆಗೆ ಬಂದೆವು. ಗಂಟಲಿನೊಳಗೆ ಬೆಳೆದಿದ್ದ ಗಂಟನ್ನು ತೆಗೆದಿದ್ದಾರೆ. ತೆಗೆದದ್ದನ್ನು ಪರೀಕ್ಷೆಗೆ ಕಳಿಸಿದ್ದಾರೆ. ಹದಿನಾಲ್ಕು ದಿನ ಮಾತಾಡುವಂತಿಲ್ಲ. ಪಿಸುಗುಟ್ಟುವಂತೆಯೂ ಇಲ್ಲ, ಪಿಸುಮಾತು ಕೂಗಿಗಿಂತ ಕೆಟ್ಟದ್ದಂತೆ. ಹಾಡುವಂತಿಲ್ಲ. ಹಾಡಲು ನನಗೆ ಮೊದಲೇ ಬರುವುದಿಲ್ಲ, ಆದ್ದರಿಂದ ಅದೊಂದು ನಷ್ಟವಲ್ಲ.

ಕೂನೂರಿನ ಶಾಲೆಯೊಂದರಲ್ಲಿ ಇಪ್ಪತ್ತೆರಡು ವರ್ಷ ಪಿ.ಟಿ. ಮೇಷ್ಟ್ರಾಗಿ ಕೂಗಿದ್ದೇನೆ. ಮೈಕು ಕೊಡಿ ಎಂದು ಒಂದು ದಿನವೂ ಕೇಳಿದವನಲ್ಲ. ಅದನ್ನು ನಾನು ಹೆಮ್ಮೆ ಎಂದುಕೊಂಡಿದ್ದೆ. ಡಾಕ್ಟರು ಕಾರಣ ಎಂದರು.

ನನ್ನ ಹೆಂಡತಿ ಸುಧಾ ನರ್ಸ್. ಡಾಕ್ಟರ ನಿಯಮಗಳಿಗೆ ತನ್ನವು ನಾಲ್ಕು ಸೇರಿಸಿದ್ದಾಳೆ. ಈ ಡೈರಿ ಕೊಟ್ಟವಳೂ ಅವಳೇ. ಮಾತು ಬಂದಾಗಲೆಲ್ಲ ಇದರಲ್ಲಿ ಹಾಕಿ ಎಂದಳು. ಔಷಧಿ ಕಂಪನಿಯ ಡೈರಿ. ಪ್ರತಿ ಪುಟದ ತಲೆಯಲ್ಲೂ ಒಂದು ಮೊಣಕಾಲಿನ ಚಿತ್ರವಿದೆ.

ಜನವರಿ 8, ಬುಧವಾರ

ಸುಧಾ ಬೆಳಿಗ್ಗೆ ಏಳಕ್ಕೆ ಡ್ಯೂಟಿಗೆ ಹೋದರೆ ಬರುವುದು ಮಧ್ಯಾಹ್ನ ಮೂರಕ್ಕೆ. ಅಲ್ಲಿಯವರೆಗೆ ಮನೆಯಲ್ಲಿ ನಾನು ಮತ್ತು ಅತ್ತೆಯವರು.

ಅತ್ತೆಯವರ ಹೆಸರು ಚನ್ನಾಜಮ್ಮ. ಎಪ್ಪತ್ತೆಂಟು ವರ್ಷ. ಗುಂಡ್ಲುಪೇಟೆಯಿಂದ ನಮ್ಮಲ್ಲಿಗೆ ಬಂದು ನಾಲ್ಕು ವರ್ಷವಾಯಿತು. ಕಿವಿ ಕೇಳುವುದಿಲ್ಲ. ಈ ಇಳಿಜಾರಿನ ಎಲ್ಲ ಮನೆಗಳಂತೆ ನಮ್ಮದೂ ಮೆಟ್ಟಿಲು ಮೆಟ್ಟಿಲಾಗಿದೆ. ಅಡುಗೆಮನೆ ಮೇಲೆ, ಆರು ಮೆಟ್ಟಿಲು ಇಳಿದು ಅಂಗಳ ದಾಟಿದರೆ ಅವರ ಕೋಣೆ. ನಾಲ್ಕು ವರ್ಷದಿಂದ ನಾನು ಅಡುಗೆಮನೆಯ ಬಾಗಿಲಲ್ಲಿ ನಿಂತು ಕಾಫಿ, ಊಟ, ಬಿಸಿನೀರು ಎಂದು ಕೂಗುತ್ತಿದ್ದೆ. ಸುಧಾಳ ದನಿ ಅವರಿಗೆ ತಲುಪುವುದಿಲ್ಲ. ಕಿವಿಯ ಮೆಷಿನ್ ಒಂದಿತ್ತು. ತಲೆಗೆ ಎಣ್ಣೆ ಹಚ್ಚುವಾಗ ಕಿಟಕಿಯ ಮೇಲೆ ಇಟ್ಟಿದ್ದರು, ಕೋತಿ ತೆಗೆದುಕೊಂಡು ಹೋಯಿತು. ಪಕ್ಕದ ಮನೆಯ ಮುರಳೀಧರನ್ ಅವರ ಮಾಡಿನ ಮೇಲೆ ಕೂತು ಅದನ್ನು ಕಚ್ಚಿ ನೋಡಿ ಹಳ್ಳಕ್ಕೆ ಎಸೆಯಿತು. ಪೀಡೆ ಹೋಯಿತು ಎಂದರು ಅತ್ತೆಯವರು.

ಇವತ್ತು ಸ್ಲೇಟಿನ ಮೇಲೆ ‘ಊಟಕ್ಕೆ ಬನ್ನಿ’ ಎಂದು ದಪ್ಪಗೆ ಬರೆದು ತೋರಿಸಿದೆ. ಅವರು ಓದಿದ್ದು ಎರಡನೇ ಕ್ಲಾಸು. ಸ್ಲೇಟನ್ನು ಬಹಳ ಹೊತ್ತು ನೋಡಿ, ಅಕ್ಷರ ದುಂಡಗದೆ ಎಂದು ಹೇಳಿ ವಾಪಸು ಕೊಟ್ಟರು.

ಜನವರಿ 9, ಗುರುವಾರ

ಕಾಫಿ ಎರಡು ಸಲ ಆರಿತು. ಅತ್ತೆಯವರು ನನ್ನ ಮುಖ ನೋಡಿ, ಆಮೇಲೆ ಬೇರೆ ಕಡೆ ನೋಡುತ್ತಾರೆ. ಏನೋ ಬೇಸರವಿದೆ. ಏನೆಂದು ಕೇಳಲು ಬಾಯಿಲ್ಲ. ಇದ್ದಾಗಲೂ ಕೇಳುತ್ತಿರಲಿಲ್ಲ ಎನ್ನುವುದು ಬೇರೆ ಮಾತು.

ಜನವರಿ 10, ಶುಕ್ರವಾರ

ಮಧ್ಯಾಹ್ನ ಹನ್ನೆರಡೂವರೆಗೆ ಕೆಳಗೆ ಹೋದರೆ ಅತ್ತೆಯವರು ಸೀರೆ, ಕಂಬಳಿ, ಎಲೆಯಡಿಕೆ ಚೀಲ ಎಲ್ಲವನ್ನೂ ಗಂಟು ಕಟ್ಟಿ ಮಂಚದ ಮೇಲೆ ಕೂತಿದ್ದರು.

“ನಾನೇ ಹೊಂಟಿವ್ನಿ ಕನಿ ಅಳಿಯಂದ್ರೆ,” ಎಂದರು. “ನೀವು ಮೊಕ ಮುರ್ಕಂಡು ಕೂರದು ಬ್ಯಾಡ. ಬಸ್ಸಿಗೆ ಹತ್ತುಸ್ಬುಡಿ.”

ಬೇಡ ಎನ್ನಲು ಗಂಟನ್ನು ಕಿತ್ತುಕೊಂಡೆ. ನಾನೇ ಹೊತ್ತುಕೊಂಡು ಬರುತ್ತೇನೆ ಎಂದು ಅವರು ತಿಳಿದರು. ಕೋಲೂರಿಕೊಂಡು ಮುಂದೆ ನಡೆದೇಬಿಟ್ಟರು. ಗಂಟಿನೊಂದಿಗೆ ನಾನು ಹಿಂದೆ. ರಸ್ತೆಗೆ ಬಂದಾಗ ಊಟಿ ಬಸ್ಸು ಬಂತು. ನಿಲ್ಲಿಸಬೇಡ ಎಂದು ಕೈ ಆಡಿಸಿದೆ. ಕೈ ಕಂಡು ನಿಲ್ಲಿಸಿದ. ಹತ್ತಬೇಕಾದವರ ದಾರಿಗೆ ಅಡ್ಡ ನಿಂತೆ. ಕಂಡಕ್ಟರ್ ತಮಿಳಿನಲ್ಲಿ ಚೆನ್ನಾಗಿ ಬೈದು ಸೀಟಿ ಊದಿದ. ಇಪ್ಪತ್ತೆರಡು ವರ್ಷದಲ್ಲಿ ಬೈಸಿಕೊಂಡು ಸುಮ್ಮನಿದ್ದದ್ದು ಇದೇ ಮೊದಲು.

ಆಮೇಲೆ ಬಸ್‌ಸ್ಟಾಪಿನ ಕಟ್ಟೆಯ ಮೇಲೆ ಗಂಟನ್ನು ನಡುವೆ ಇಟ್ಟುಕೊಂಡು ಇಬ್ಬರೂ ಎರಡು ಗಂಟೆ ಕೂತೆವು. ಮೂರಕ್ಕೆ ಸುಧಾ ಬಸ್ಸಿಳಿದಳು.

ವಿಷಯ ಇಷ್ಟೇ. ಸುಧಾ ಮೊನ್ನೆ ಅವರ ಕಿವಿಯಲ್ಲಿ, ಇವರ ಗಂಟಲಲ್ಲಿ ಗಂಟು ಕಟ್ಟಿಕೊಂಡಿತ್ತು ಎಂದು ಕೂಗಿದ್ದಾಳೆ. ಅವರಿಗೆ ಕೇಳಿಸಿದ್ದು ‘ಗಂಟು ಕಟ್ಟು’ ಎಂದು.

ಸುಧಾ ಮತ್ತೆ ಕೂಗಿ ಹೇಳಿದಳು. ಅವರು ತಲೆಯಾಡಿಸಿದರು. ನಂಬಲಿಲ್ಲ. ರಂಗನ ಮನೆಗೇ ಹೋಗುತ್ತೇನೆ ಎಂದು ಹಟ ಹಿಡಿದರು. ರಂಗ ಸುಧಾಳ ತಮ್ಮ, ಗುಂಡ್ಲುಪೇಟೆಯಲ್ಲೇ ಇದ್ದಾನೆ. ಫೋನು ಮಾಡಿದ್ದಕ್ಕೆ ಫೆಬ್ರವರಿ ಎರಡಕ್ಕೆ ಕಾರು ತರುತ್ತೇನೆ ಎಂದ. ಅದೇ ಒಳ್ಳೆಯದು. ಎಲ್ಲರಿಗೂ.

ಜನವರಿ 12, ಭಾನುವಾರ

ಅಲ್ಲಿಯವರೆಗೆ ಮೂರು ವಾರವಿದೆ. ಮೂರು ವಾರ ದಿನಕ್ಕೆ ಹತ್ತು ಸಲ ಆ ಮೆಟ್ಟಿಲು ಹತ್ತಿಳಿಯಲು ನನ್ನಿಂದಾಗದು. ಅದಕ್ಕೆ ಒಂದು ಯಂತ್ರ ಮಾಡಿದೆ.

ಬಟ್ಟೆ ಒಣಗಿಸುವ ನೈಲಾನ್ ಹಗ್ಗ. ಮುರಿದ ಸೂಟ್‌ಕೇಸಿನಿಂದ ಕಿತ್ತ ಎರಡು ಗಾಲಿ. ಒಂದು ಗಾಲಿ ಅಡುಗೆಮನೆಯ ಕಿಟಕಿಗೆ, ಇನ್ನೊಂದು ಅತ್ತೆಯವರ ಕಿಟಕಿಗೆ. ಹಗ್ಗ ಎರಡನ್ನೂ ಸುತ್ತಿ ಬರುತ್ತದೆ. ಹಗ್ಗಕ್ಕೆ ಬಟ್ಟೆಯ ಕ್ಲಿಪ್ಪು. ಕ್ಲಿಪ್ಪಿಗೆ ಏನು ಬೇಕೋ ಅದು. ಖಾಲಿ ಲೋಟ ಹೋದರೆ ಕಾಫಿ, ತಟ್ಟೆ ಹೋದರೆ ಊಟ, ಸೋಪಿನ ಡಬ್ಬಿ ಹೋದರೆ ಸ್ನಾನದ ನೀರು ಕಾದಿದೆ ಎಂದು. ವಸ್ತು ಬಂದದ್ದು ಅವರಿಗೆ ತಿಳಿಯಬೇಕಲ್ಲ, ಗಂಟೆ ಕಟ್ಟಿ ಉಪಯೋಗವಿಲ್ಲ. ಅದಕ್ಕೆ ಅವರ ಮಂಚದ ಮೇಲೆ ಒಂದು ಮರದ ಸೌಟು ನೇತುಹಾಕಿದೆ. ಬೇರೆ ದಾರ ಎಳೆದರೆ ಸೌಟು ತೂಗಿ ಭುಜ ತಟ್ಟುತ್ತದೆ.

ಮುರಳೀಧರನ್ ತೋಟದಿಂದ ಬರುವಾಗ ನಿಂತು ನೋಡಿದರು. ಎಸ್ಟೇಟಿನಲ್ಲಿ ಹಿಂದೆ ಟೀ ಸೊಪ್ಪಿನ ಮೂಟೆ ಹೀಗೇ ಇಳಿಸುತ್ತಿದ್ದರು ಎಂದರು. ಇಲ್ಲಿ ಏನು ಇಳಿಸುತ್ತೀರಿ ಎಂದು ಕೇಳಿದರು. ಸೋಪಿನ ಡಬ್ಬಿ ತೋರಿಸಿದೆ. ಮನೆಗೆ ಹೋಗಿ ಗಾಲಿಗೆ ಹಾಕಲು ಹರಳೆಣ್ಣೆ ತಂದುಕೊಟ್ಟರು.

ಮೊದಲ ಪ್ರಯೋಗದಲ್ಲಿ ಸೌಟು ಅತ್ತೆಯವರ ತಲೆಗೆ ಬಡಿಯಿತು.

ಜನವರಿ 13, ಸೋಮವಾರ

ಸೌಟನ್ನು ಅತ್ತೆಯವರು ಬಿಚ್ಚಿಟ್ಟುಕೊಂಡಿದ್ದಾರೆ. ಕೇಳಿದರೆ ಕೊಡುತ್ತಿಲ್ಲ. ಎರಡನೇ ಸೌಟಿಗೆ ಹಳೆಯ ಕಾಲುಚೀಲ ತೊಡಿಸಿ ಕಟ್ಟಿದೆ. ಅದನ್ನು ಬಿಟ್ಟಿದ್ದಾರೆ. ಸಾರು ಬಡಿಸಲು ಸೌಟಿಲ್ಲ ಎಂದು ಸುಧಾ ಕೇಳಿದಳು. ಮಾತಾಡಬಾರದು ಎನ್ನುವ ನಿಯಮ ಕೆಲವೊಮ್ಮೆ ಅನುಕೂಲ.

ಜನವರಿ 14, ಮಂಗಳವಾರ. ಸಂಕ್ರಾಂತಿ

ಇವತ್ತು ಲೋಟ ಹೋದ ಎರಡು ನಿಮಿಷಕ್ಕೆ ಅತ್ತೆಯವರು ಮೆಟ್ಟಿಲು ಹತ್ತಿ ಬಂದರು. ಕಾಫಿ ಬಿಸಿಯಾಗಿತ್ತು. ಎಳ್ಳು ಬೆಲ್ಲ ಕೊಟ್ಟೆ. ತೆಗೆದುಕೊಂಡರು. ಒಳ್ಳೆಯ ಮಾತಾಡು ಎಂದು ಅವರೂ ಹೇಳಲಿಲ್ಲ, ನಾನೂ ಹೇಳಲಿಲ್ಲ.

ಜನವರಿ 16, ಗುರುವಾರ

ನಾನು ಮುನಿಸಿಕೊಂಡಿದ್ದೇನೆ ಎಂದೇ ಅವರಿಗೆ ಇನ್ನೂ ಅನುಮಾನ. ಬೆಳಿಗ್ಗೆ ಒಂದು ಉಪಾಯ ಹೊಳೆಯಿತು. ನನ್ನ ಮಫ್ಲರಿಗೆ ಗೇಟಿನ ಬೀಗ ಹಾಕಿ, ಹಗ್ಗಕ್ಕೆ ಸಿಕ್ಕಿಸಿ ಎಳೆದೆ. ಅವರು ಕಿಟಕಿಯಲ್ಲಿ ಅದನ್ನು ಬಿಡಿಸಿಕೊಂಡು ತಿರುಗಿಸಿ ತಿರುಗಿಸಿ ನೋಡಿದರು. ಮಫ್ಲರನ್ನು ತಮ್ಮ ಕುತ್ತಿಗೆಗೆ ಸುತ್ತಿಕೊಂಡು, ಬೀಗವನ್ನು ಗಂಟಲ ಮೇಲೆ ಹಿಡಿದು, ನನ್ನ ಕಡೆ ನೋಡಿದರು. ನಾನು ನನ್ನ ಗಂಟಲು ಮುಟ್ಟಿ ತೋರಿಸಿದೆ.

ಸ್ವಲ್ಪ ಹೊತ್ತಿಗೆ ಹಗ್ಗ ತಾನೇ ಅಲುಗಿತು. ಇಷ್ಟು ದಿನದಲ್ಲಿ ಆ ಕಡೆಯಿಂದ ಎಳೆದದ್ದು ಇದೇ ಮೊದಲು. ಕ್ಲಿಪ್ಪಿನಲ್ಲಿ ಅವರು ಸೊಂಟಕ್ಕೆ ಸಿಕ್ಕಿಸುವ ಬೀಗದಕೈ ಗೊಂಚಲು ಬಂತು. ಗುಂಡ್ಲುಪೇಟೆಯ ಹಳೇ ಮನೆಯವು. ಆ ಮನೆ ಈಗಿಲ್ಲ.

ನಗಬಾರದು ಎನ್ನುವುದು ಸುಧಾಳ ನಾಲ್ಕು ನಿಯಮಗಳಲ್ಲಿ ಎರಡನೆಯದು. ಮುರಿದೆ.

ಜನವರಿ 18, ಶನಿವಾರ

ನಿನ್ನೆಯಿಂದ ಅತ್ತೆ ಬಾಚಣಿಗೆ ಕಳಿಸುತ್ತಿದ್ದಾರೆ. ತೊಳೆದು ಕಳಿಸಿದೆ. ಮತ್ತೆ ಬಂತು. ಹೊಸದು ಕಳಿಸಿದೆ. ಎರಡೂ ಬಂದವು. ಕೊನೆಗೆ ಕೆಳಗೆ ಹೋದೆ. ಬಲ ಭುಜ ಎತ್ತಲಾಗುತ್ತಿಲ್ಲ ಎಂದು ತೋರಿಸಿದರು. ಬೆಳಗಿನ ಡ್ಯೂಟಿ ಶುರುವಾದ ಮೇಲೆ ಸುಧಾ ಆತುರದಲ್ಲಿ ಬಾಚುತ್ತಾಳೆ, ಕೂದಲು ಕಿತ್ತು ಬರುತ್ತದೆ ಎಂದರು. ಮಗಳಿಗೆ ಹೇಳಬೇಡಿ ಎಂದೂ ಸೇರಿಸಿದರು. ಮಾತೇ ಆಡಲಾಗದವನಿಗೆ ಹೇಳಬೇಡಿ ಎನ್ನುತ್ತಿದ್ದಾರೆಂದು ಇಬ್ಬರಿಗೂ ಒಟ್ಟಿಗೆ ನೆನಪಾಯಿತು.

ಜಡೆ ಕಷ್ಟವಲ್ಲ. ಮೂರು ಸಾಲಿನ ಮಾರ್ಚ್‌ಪಾಸ್ಟ್ ಇದ್ದ ಹಾಗೆ. ಬಲದವನು ನಡುವಿಗೆ, ಎಡದವನು ನಡುವಿಗೆ, ಯಾರೂ ಸಾಲು ಬಿಡಬಾರದು. ಮೊದಲನೆಯದು ಸೊಟ್ಟಗಾಯಿತು. ಬಿಚ್ಚಿ ಮತ್ತೆ ಹೆಣೆದೆ.

ಜನವರಿ 21, ಮಂಗಳವಾರ

ಕೊಯಮತ್ತೂರು. ಗಂಟಿನ ಪರೀಕ್ಷೆಯಲ್ಲಿ ಕೆಟ್ಟದ್ದೇನೂ ಇಲ್ಲ ಎಂದು ಬಂದಿದೆ. ಇದರ ಬಗ್ಗೆ ನನಗೆ ಚಿಂತೆ ಇರಲಿಲ್ಲ. ಸುಧಾ ಕಾರಿಡಾರಿನಲ್ಲಿ ಗೋಡೆ ಹಿಡಿದು ಕೂತುಬಿಟ್ಟಳು. ಅವಳಿಗೆ ನೀರು ತರಲು ಹೋದವನು ಯಾವ ಕಡೆಯಿಂದ ಬಂದೆನೆಂದು ಗೊತ್ತಾಗದೆ ಎರಡು ಮಹಡಿ ಸುತ್ತಿದೆ.

ಆದರೆ ಗಾಯ ಒಣಗಿಲ್ಲ. ಇನ್ನೂ ಎರಡು ವಾರ ಮಾತಿಲ್ಲ. ಆಮೇಲೂ ಮೆಲ್ಲಗೆ ಮಾತಾಡಬಹುದು ಅಷ್ಟೇ, ಕೂಗುವುದು ಇನ್ನು ಈ ಜನ್ಮಕ್ಕೆ ಬೇಡ ಎಂದರು ಡಾಕ್ಟರು. ಅವರು ವಯಸ್ಸಿನಲ್ಲಿ ನನಗಿಂತ ಚಿಕ್ಕವರು. ಬಹಳ ಮೆತ್ತಗೆ ಹೇಳಿದರು.

ಜನವರಿ 22, ಬುಧವಾರ

ಬರೆಯುವಂಥದ್ದೇನಿಲ್ಲ.

ಜನವರಿ 24, ಶುಕ್ರವಾರ

ಜಡೆ ಹಾಕಿದೆ.

ಜನವರಿ 26, ಭಾನುವಾರ

ಗಣರಾಜ್ಯೋತ್ಸವದ ಕವಾಯತಿಗೆ ಹೋಗಿ ಹಿಂದಿನ ಸಾಲಿನಲ್ಲಿ ಕೂತೆ. ಈ ಸಲ ಆರ್ಡರು ಕೊಟ್ಟದ್ದು ಗಣಿತದ ಭುವನಾ ಟೀಚರ್, ಕೈಯಲ್ಲಿ ಮೈಕು ಹಿಡಿದುಕೊಂಡು. ಆಕೆಯ ದನಿ ಸಣ್ಣದು, ಮೈಕಿನಲ್ಲಿ ಇನ್ನೂ ಸಣ್ಣಗೆ ಕೇಳಿತು. ಮಕ್ಕಳು ಸರಿಯಾಗಿಯೇ ನಡೆದರು. ತಿರುವಿನಲ್ಲಿ ಒಬ್ಬರೂ ಸಾಲು ತಪ್ಪಲಿಲ್ಲ. ಹೋದ ವರ್ಷ ಇಬ್ಬರು ತಪ್ಪಿದ್ದರು.

ಮುಗಿದ ಮೇಲೆ ಹೆಡ್‌ಮಿಸ್ ಬಂದು, ಜೂನ್‌ನಿಂದ ನೀವು ಲೈಬ್ರರಿ ನೋಡಿಕೊಳ್ಳಬಹುದಲ್ಲ ಜಗದೀಶ್ ಸರ್ ಎಂದರು. ತಲೆಯಾಡಿಸಿದೆ.

ಮನೆಗೆ ಬಂದು ಅಡುಗೆಮನೆಯಲ್ಲಿ ಬಿಳಿ ಬೂಟು ಬಿಚ್ಚದೆ ಸುಮ್ಮನೆ ಕೂತಿದ್ದೆ. ಸುಧಾ ಮಾರ್ಕೆಟ್ಟಿಗೆ ಹೋಗಿದ್ದಳು. ಯಾರೋ ಭುಜ ತಟ್ಟಿದರು. ತಿರುಗಿ ನೋಡಿದರೆ ಸೌಟು. ಅವತ್ತು ಬಿಚ್ಚಿಟ್ಟುಕೊಂಡ ಮೊದಲನೆಯ ಸೌಟನ್ನು ಅತ್ತೆ ಯಾವಾಗ ಮೇಲೆ ಬಂದು ನನ್ನ ಕುರ್ಚಿಯ ಹತ್ತಿರ ಕಟ್ಟಿದ್ದರೋ, ದಾರ ಯಾವ ಕಡೆಯಿಂದ ಹಾಯಿಸಿದ್ದರೋ ಗೊತ್ತಿಲ್ಲ. ಗಂಟು ನಾನು ಹಾಕುವುದಕ್ಕಿಂತ ಬಿಗಿಯಾಗಿತ್ತು. ಹಗ್ಗದ ಮೇಲೆ ಕಾಗದದ ಪೊಟ್ಟಣವೊಂದು ಬಂತು. ಬಿಚ್ಚಿದರೆ ಒಂದು ಹುರಿಗಡಲೆ ಉಂಡೆ.

ಯಂತ್ರದಲ್ಲಿ ಉಂಡೆಗೆ ಯಾವ ಅರ್ಥವೂ ಇಲ್ಲ. ಕೇಳಲು ಹೋಗಲಿಲ್ಲ. ತಿಂದೆ.

ಜನವರಿ 30, ಗುರುವಾರ

ಈಗ ದಿನಾ ಜಡೆ ಹಾಕುವಾಗ ಅವ್ವ ಮಾತಾಡುತ್ತಾರೆ. ಹೆಣಿಗೆ ಹತ್ತು ನಿಮಿಷದ್ದು, ಮಾತು ಒಂದು ಗಂಟೆಯದು. ನಡುವೆ ಬಾಯಿ ಹಾಕಲು ನನಗೆ ಬಾಯಿಲ್ಲ. ಹಾಕಿದ್ದರೂ ಅವರಿಗೆ ಕೇಳುತ್ತಿರಲಿಲ್ಲ.

ಕಿವಿ ಹೋದದ್ದು ಒಂದೇ ಸಲಕ್ಕಲ್ಲವಂತೆ. ಮೊದಲು ಹೋದದ್ದು ಒಲೆಯ ಮೇಲೆ ಹಾಲು ಉಕ್ಕುವ ಸದ್ದು. ಆಮೇಲೆ ಮಳೆ. ಆಮೇಲೆ ಮೊಮ್ಮಕ್ಕಳು. ಎಲ್ಲರೂ ನಕ್ಕಾಗ ತಾವೂ ನಕ್ಕು, ಎಲ್ಲರೂ ಎದ್ದಾಗ ತಾವೂ ಎದ್ದು ಮೂರು ವರ್ಷ ಯಾರಿಗೂ ತಿಳಿಯದ ಹಾಗೆ ನಡೆಸಿದರಂತೆ. ಮಾವನವರಿಗೆ ಮಾತ್ರ ಗೊತ್ತಿತ್ತು. ಅವರು ಯಾರಿಗೂ ಹೇಳಲಿಲ್ಲ. ಮುಖ ತೋರಿಸಿಕೊಂಡೇ ಮಾತಾಡುತ್ತಿದ್ದರು.

ಹೇಳುತ್ತಾ ಹೇಳುತ್ತಾ ಮುಂದೆ ನೋಡಿಕೊಂಡೇ, “ಈ ಮನೇಲಿ ನಂಗೆ ಕೇಳ್ತಿದ್ದುದು ನಿಮ್ಮೊಬ್ಬರ ಮಾತೇಯ,” ಎಂದರು. “ರೇಗ್‌ಕಂಡು ಕೂಗುದ್ರೂ ಸೈ, ಒಂದು ಮಾತು ಅಂತ ಕಿವಿಗೆ ಬೀಳ್ತಿತ್ತು. ಅದೂ ನಿಂತೋದ್ ಮ್ಯಾಲೆ, ನಾನಿಲ್ಲಿ ಇರದು ನಿಮ್ಗೆ ಬ್ಯಾಡಾಯ್ತೇನೋ ಅಂದ್ಕಂಡೆ.”

ನಾನು ರೇಗಿಕೊಂಡೇ ಕೂಗುತ್ತಿದ್ದೆ. ಅದು ಸುಳ್ಳಲ್ಲ. ಉತ್ತರವಾಗಿ ಹಗ್ಗಕ್ಕೆ ಏನು ಸಿಕ್ಕಿಸಬಹುದು ಎಂದು ಸಂಜೆಯವರೆಗೆ ಅಡುಗೆಮನೆಯ ಎಲ್ಲ ಡಬ್ಬಿಗಳನ್ನೂ ತೆಗೆದು ನೋಡಿದೆ. ಅಂಥ ವಸ್ತು ಯಾವುದೂ ಇರಲಿಲ್ಲ. ಡಬ್ಬಿಗಳನ್ನು ಒರೆಸಿ ಇಟ್ಟೆ.

ಫೆಬ್ರವರಿ 2, ಭಾನುವಾರ

ರಂಗ ಹೇಳಿದ ಹಾಗೆ ಹತ್ತು ಗಂಟೆಗೆ ಕಾರು ತಂದ. ಅವನು ಬರುವ ವಿಷಯ ನಮಗೆ ಮರೆತಂತಾಗಿತ್ತು. ಕರೆದವರು ನಾವೇ, ಅಷ್ಟು ದೂರದಿಂದ ಬಂದವನನ್ನು ಬರಿಗೈಯಲ್ಲಿ ಕಳಿಸುವುದು ಹೇಗೆ? ಅವ್ವ ನನ್ನ ಮುಖ ನೋಡಿದರು. ನಾನು ಸುಧಾಳ ಮುಖ ನೋಡಿದೆ. ಸುಧಾ, ಸ್ವಲ್ಪ ದಿನ ಬೆಚ್ಚಗಿನ ಊರಲ್ಲಿ ಇದ್ದು ಬರಲಿ ಎಂದಳು. ರಂಗ ಹಗ್ಗವನ್ನು ಎಳೆದು ನೋಡಿ, ಭಾವ ಇದೇನು ಮಕ್ಕಳಾಟ ಎಂದು ನಕ್ಕ.

ಹನ್ನೊಂದಕ್ಕೆ ಹೊರಟರು. ಜಡೆ ಹಾಕಿ ಕಳಿಸಿದೆ.

ಫೆಬ್ರವರಿ 3, ಸೋಮವಾರ

ಹಗ್ಗದ ಮೇಲೆ ಬುಲ್ಬುಲ್ ಹಕ್ಕಿ ಕೂರುತ್ತದೆ. ಬಿಚ್ಚಬೇಕು. ನಾಳೆ ನೋಡೋಣ.

ಫೆಬ್ರವರಿ 4, ಮಂಗಳವಾರ

ಗಾಯ ಒಣಗಿದೆ. ಇಂದಿನಿಂದ ದಿನಕ್ಕೆ ಐದು ನಿಮಿಷ ಮಾತಾಡಬಹುದು, ಮೆಲ್ಲಗೆ. ಆಸ್ಪತ್ರೆಯಲ್ಲಿ ‘ಆ’ ಅನ್ನಿಸಿದರು. ಯಾರದ್ದೋ ದನಿ ಬಂತು, ಎಣ್ಣೆ ಕಾಣದ ಬಾಗಿಲಿನಂತೆ.

ಮನೆಗೆ ಬಂದ ಮೇಲೆ ಸುಧಾ ಗಡಿಯಾರ ಎದುರಿಗಿಟ್ಟು, ಈಗ ಹೇಳಿ ಎಂದು ಮುಂದೆ ಕೂತಳು. ಇಪ್ಪತ್ತೆಂಟು ದಿನ ಕಾದವನಿಗೆ ಏನೂ ತೋಚಲಿಲ್ಲ. ಕೊನೆಗೆ, ಅವ್ವ ಊಟ ಮಾಡಿದರಂತಾ ಎಂದು ಕೇಳಿದೆ. ಸುಧಾ ನನ್ನನ್ನು ಸ್ವಲ್ಪ ಹೊತ್ತು ನೋಡಿದಳು. ಯಾಕೆ ಹಾಗೆ ನೋಡಿದಳೋ ಗೊತ್ತಾಗಲಿಲ್ಲ.

ಫೆಬ್ರವರಿ 7, ಶುಕ್ರವಾರ

ರಂಗನಿಗೆ ಫೋನು ಮಾಡಿದೆ. ಅವ್ವ ಚೆನ್ನಾಗಿದ್ದಾರೆ, ಆದರೆ ಒಂದು ಹೊಸ ಕಾಟ ಶುರುವಾಗಿದೆ ಎಂದ. ಮಂಚದಿಂದ ಅಡುಗೆಮನೆಯ ಬಾಗಿಲಿಗೆ ಒಂದು ಹಗ್ಗ ಕಟ್ಟಿಕೊಂಡಿದ್ದಾರೆ. ಅವನ ಹೆಂಡತಿ ಎರಡು ಸಲ ಎಡವಿದಳು. ಬೆಳಿಗ್ಗೆ ಎದ್ದರೆ ಹಗ್ಗಕ್ಕೆ ಒಂದು ಖಾಲಿ ಲೋಟ ನೇತುಹಾಕುತ್ತಾರೆ. ಇವಳು ಅದನ್ನು ತೊಳೆದು ಸ್ಟ್ಯಾಂಡಿನಲ್ಲಿ ಇಡುತ್ತಾಳೆ. ಅವರು ಮತ್ತೆ ನೇತುಹಾಕುತ್ತಾರೆ. “ತಲೆ ಸರಿಯಾಗೈತಾ ಭಾವ ಅವ್ವಂಗೆ?” ಎಂದು ಕೇಳಿದ.

ಕಾಫಿ ಕಣೋ ಎಂದೆ. ಕಾಫಿ ಎಂದರೇನು, ಬಾಚಣಿಗೆ ಬಂದರೇನು, ಸೋಪಿನ ಡಬ್ಬಿ ಬಂದರೇನು ಎಂದು ವಿವರಿಸಲು ಹೊರಟೆ. ಬಾಚಣಿಗೆ ಮುಗಿಯುವಷ್ಟರಲ್ಲಿ ಸುಧಾ ಫೋನು ಕಸಿದುಕೊಂಡಳು. ಆರು ನಿಮಿಷವಾಗಿತ್ತು.

ಫೆಬ್ರವರಿ 8, ಶನಿವಾರ

ಬೆಳಿಗ್ಗೆ ಮೊದಲ ಬಸ್ಸಿಗೆ ಹೊರಟೆ. ಊಟಿಯಲ್ಲಿ ಮೈಸೂರು ಬಸ್ಸು ಸಿಕ್ಕಿತು. ಮಾತಾಡದೆ ಟಿಕೆಟ್ ತೆಗೆದುಕೊಳ್ಳಲು ‘ಗುಂಡ್ಲುಪೇಟೆ’ ಎಂದು ಚೀಟಿಯಲ್ಲಿ ಬರೆದುಕೊಂಡು ಹೋಗಿದ್ದೆ.

ಅವ್ವ ಹಿತ್ತಲ ಬಾಗಿಲಲ್ಲಿ ಕೂತು ಅವರೆಕಾಯಿ ಸುಲಿಯುತ್ತಿದ್ದರು. ಜಡೆ ಇರಲಿಲ್ಲ, ಕೂದಲನ್ನು ಸುಮ್ಮನೆ ಸುತ್ತಿ ಕಟ್ಟಿದ್ದರು. ಎದುರಿಗೆ ಹೋಗಿ ಕುಕ್ಕರುಗಾಲಲ್ಲಿ ಕೂತೆ. ಬರುವಾಗ ದಾರಿಯುದ್ದಕ್ಕೂ ಯಾವ ವಸ್ತು ತೋರಿಸಿ ಹೇಳುವುದು ಎಂದು ಯೋಚಿಸಿದ್ದೆ. ಕೂತ ಮೇಲೆ ಜೇಬಿಗೆ ಕೈ ಹಾಕುವುದು ಬಿಟ್ಟು ಬಾಯಲ್ಲೇ ಹೇಳಿದೆ.

“ಅವ್ವ, ಮನೆಗೆ ಹೋಗೋಣ ಬನ್ನಿ.”

ಅವರು ಕೈಯಲ್ಲಿದ್ದ ಕಾಯಿ ಕೆಳಗಿಟ್ಟರು. “ತುಟಿ ಆಡ್ತಾವೆ,” ಎಂದರು. “ಮಾತು ಬಂತಾ?” ಸೀರೆಗೆ ಕೈ ಒರೆಸಿಕೊಂಡು ಅಂಗೈಯನ್ನು ನನ್ನ ಗಂಟಲ ಮೇಲೆ ಇಟ್ಟರು. ಅವರೆಯ ಸೊಗಡಿತ್ತು. “ಇನ್ನೊಂದ್ಸಲ ಯೋಳು ಮೊಗ.”

ಹೇಳಿದೆ. ಅವರು ಕಣ್ಣು ಮುಚ್ಚಿಕೊಂಡಿದ್ದರು.

“ಏನಂದೆ ಅಂತ ಗೊತ್ತಾಗ್ನಿಲ್ಲ,” ಎಂದರು. “ಆದ್ರೆ ಕೇಳ್ತದೆ. ಯೋಳು.”

ಎಷ್ಟು ಸಲ ಹೇಳಿದೆನೋ ಲೆಕ್ಕ ಇಡಲಿಲ್ಲ. ಕೊನೆಗೆ ಕಣ್ಣು ಬಿಟ್ಟು ನನ್ನ ತುಟಿಯನ್ನೇ ನೋಡುತ್ತಿದ್ದವರು, ಬಟ್ಟೆ ತೆಗೆದುಕೊಂಡು ಬರುತ್ತೇನೆ ಇರು ಎಂದು ಎದ್ದರು. ಬಂದು ಒಂದು ವಾರ ಕೂಡ ಆಗಲಿಲ್ಲ, ಆ ಚಳಿಗೆ ಮತ್ತೆ ಯಾಕೆ ಎಂದು ರಂಗ ಕೇಳುತ್ತಲೇ ಇದ್ದ. ಅವರಿಗೆ ಕೇಳಲಿಲ್ಲ. ಸುಲಿದ ಅವರೆಕಾಳನ್ನು ಮಾತ್ರ ಅರ್ಧ ಸೊಸೆಗೆ ಅಳೆದುಕೊಟ್ಟು ಇನ್ನರ್ಧವನ್ನು ಸೆರಗಿನಲ್ಲಿ ಕಟ್ಟಿಕೊಂಡರು.

ಮಧ್ಯಾಹ್ನದ ಬಸ್ಸು ಸಿಕ್ಕಿತು. ಗೂಡಲೂರು ದಾಟುವವರೆಗೆ ಅವ್ವ ಒಬ್ಬರೇ ಮಾತಾಡಿದರು. ಕಿವಿ ಕೇಳದವರ ಮಾತು ಜೋರು. ನಾನು ಜಡೆ ಹಾಕುವುದು, ಮೊದಮೊದಲು ಸೊಟ್ಟಗೆ ಹಾಕುತ್ತಿದ್ದದ್ದು, ಸೌಟಿನಿಂದ ತಲೆಗೆ ಹೊಡೆದದ್ದು, ಎಲ್ಲವೂ ಇಡೀ ಬಸ್ಸಿಗೆ ತಿಳಿಯಿತು. ಹಿಂದಿನ ಸೀಟಿನ ಹೆಂಗಸರು ಎದ್ದು ನಿಂತು ನನ್ನನ್ನು ನೋಡಿದರು.

ಘಾಟಿಯಲ್ಲಿ ಅವ್ವನಿಗೆ ನಿದ್ದೆ ಬಂತು. ಭುಜಕ್ಕೆ ಒರಗಿಸಿಕೊಂಡೆ. ಕಂಡಕ್ಟರ್ ಟಿಕೆಟ್ ನೋಡಲು ಬಂದವನು ತಮಿಳಿನಲ್ಲಿ, ನಿಮ್ಮ ತಾಯಿಯಾ ಸಾರ್ ಎಂದು ಕೇಳಿದ.

ಹೂಂ ಎಂದು ತಲೆಯಾಡಿಸಿದೆ. ಅತ್ತೆ ಎಂದು ವಿವರಿಸಲು ಇವತ್ತಿನ ಐದು ನಿಮಿಷ ಉಳಿದಿರಲಿಲ್ಲ.